ಹಂಚಿನ ಅಚ್ಚಿನಿಂದ ವಿಮಾನದ ಅಚ್ಚಿಗೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಹಳೆಯ ಶಾಲೆಗಳ ಮಾಡನ್ನೊಮ್ಮೆ ನೋಡಿ. ಆ ಹಂಚಿನ ಕಥೆ ಶುರುವಾಗುವುದು 1865ರಲ್ಲಿ, ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ. ಹಂಚಿನ ಕಾರ್ಖಾನೆಗಳಲ್ಲಿ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತುವ ಮೊದಲು ಎಣ್ಣೆ ಸವರುತ್ತಾರೆ. ಇಲ್ಲವಾದರೆ ಹಸಿ ಹಂಚು ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಬೆಂಕಿಗೆ ಹೋಗುವಷ್ಟರಲ್ಲಿ ಹಂಚು ಅಚ್ಚನ್ನು ಬಿಟ್ಟಾಗಿರುತ್ತದೆ. ಆದುದರಿಂದ ಬರೀ ಎಣ್ಣೆ ಸಾಕು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ, ಮುಂದೆ ತೇಜಸ್ ಎಂದು ಹೆಸರಾದ ಯುದ್ಧವಿಮಾನದ ರೆಕ್ಕೆಗೆ ಇದು ಸಾಲದು. ಇಂಥ ಭಾಗಗಳಿಗೆ ಇಂಗಾಲದ ನಾರನ್ನು ಎಪಾಕ್ಸಿ ರಾಳದೊಂದಿಗೆ ಪದರ ಪದರವಾಗಿ ಹಾಸಿ, ಅಚ್ಚು ಸಮೇತ ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಎಪಾಕ್ಸಿ ಎಂದರೆ ಅಂಟೇ ತಾನೆ! ಸಾಮಾನ್ಯ ಮೇಣ ಆ ಶಾಖಕ್ಕೆ ಕರಗಿಹೋಗುತ್ತದೆ. ಹಾಗಾಗಿ ಅಚ್ಚನ್ನು ಚೆನ್ನಾಗಿ ಒರೆಸಿ, ಶಾಖ ತಾಳುವ ಲೇಪವನ್ನು ತೆಳ್ಳಗೆ ಹಲವು ಸಲ ಬಳಿದು, ಪ್ರತಿ ಸಲವೂ ಒಣಗಲು ಬಿಡುತ್ತಾರೆ. ಸಪಾಟಾದ ಕಡೆ ಟೆಫ್ಲಾನಿನ ಹಾಳೆಯೂ ನಡೆಯುತ್ತದೆ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ಟರಿಗೆ ಆಕಸ್ಮಿಕವಾಗಿ ದೊರೆತ ವಸ್ತು ಅದು; ನಮ್ಮ ಅಡುಗೆಮನೆಯ ದೋಸೆ ಕಾವಲಿಯಲ್ಲೂ ಇದೆ.

ಲೇಪ ಕಡಿಮೆಯಾದರೆ ದುಬಾರಿ ಅಚ್ಚೂ ಭಾಗವೂ ಒಟ್ಟಿಗೇ ಹಾಳು. ಹೆಚ್ಚಾದರೆ ಅದು ಭಾಗದ ಮೈಗೆ ಹತ್ತಿ, ಆಮೇಲೆ ಬಣ್ಣವೂ ನಿಲ್ಲುವುದಿಲ್ಲ.