ಬೀನ್ ಯಾರ ಹೆಗಲಿಗೆ, ವೀಣೆ ಯಾರ ಮಡಿಲಿಗೆ

ಸಂಗೀತವನ್ನೇ ವಂಶದ ವೃತ್ತಿಯಾಗಿಸಿಕೊಂಡ ಮನೆಗಳಲ್ಲಿ ವಾದ್ಯವು ದುಡಿಮೆಯ ಸಾಧನವೂ ಪೂಜೆಯ ವಸ್ತುವೂ ಬೆಲೆಬಾಳುವ ಆಸ್ತಿಯೂ ಆಗಿದ್ದುದರಿಂದ, ಅದನ್ನು ಮಕ್ಕಳ ಕೈಗೆ ಎಂದು ಕೊಡಬೇಕು, ಯಾವ ಮಗುವಿಗೆ ಕೊಡಬೇಕು, ಕೊಟ್ಟರೂ ಅದು ಎರವಲೋ ಹಕ್ಕೋ ಎಂಬ ಪ್ರಶ್ನೆಗಳು ವಾತ್ಸಲ್ಯವೊಂದರಿಂದಲೇ ತೀರ್ಮಾನವಾಗುವಂಥವು ಆಗಿರಲಿಲ್ಲ. ನವರಾತ್ರಿಯಲ್ಲಿ ಪುಸ್ತಕಗಳ ಜೊತೆಗೆ ಪೂಜೆಗಿಟ್ಟು, ಆ ದಿನ ಯಾರೂ ಮೀಟದೆ, ವಿಜಯದಶಮಿಯಂದು ಮತ್ತೆ ಕೈಗೆತ್ತಿಕೊಳ್ಳುವ ಪದ್ಧತಿಯೇ ಆ ವಾದ್ಯದ ಮೇಲೆ ಮನೆಯ ಯಜಮಾನನಿಗೂ ಪೂರ್ಣ ಸ್ವಾತಂತ್ರ್ಯವಿರಲಿಲ್ಲವೆಂಬುದನ್ನು ಸೂಚಿಸುತ್ತದೆ. ಉತ್ತರ ಭಾರತದ ಬೀನ್‌ಕಾರರ ಮನೆತನಗಳೂ ಮೈಸೂರಿನ ವೈಣಿಕರ ಮನೆತನಗಳೂ ಈ ಪ್ರಶ್ನೆಗಳಿಗೆ ಕೊಟ್ಟುಕೊಂಡ ಉತ್ತರಗಳು ಬೇರೆ ಬೇರೆಯಾಗಿದ್ದವು. ಎರಡು ವಾದ್ಯಗಳ ಮುಂದಿನ ಗತಿಯೂ ಬಹುಮಟ್ಟಿಗೆ ಆ ಉತ್ತರಗಳನ್ನೇ ಅನುಸರಿಸಿತು.

ತಂದೆ ಮಗುವಿನ ಕೈಗೆ ಒಪ್ಪಿಸುತ್ತಿದ್ದುದು ನಿಜವಾಗಿ ಏನನ್ನು ಎಂಬುದನ್ನು ತಿಳಿಯಲು ವೀಣೆಯ ರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ. ದಕ್ಷಿಣದ ವೀಣೆಗೆ ಹಲಸಿನ ಮರವೇ ಮುಖ್ಯ. ನಾದವು ತುಂಬಿ ಹೊಮ್ಮುವ ಕೊಡ, ತಂತಿಗಳು ಹಾಯುವ ದಂಡಿ, ತುದಿಯ ಯಾಳಿಮುಖದ ತಲೆ ಇವನ್ನು ಬೇರೆ ಬೇರೆಯಾಗಿ ಮಾಡಿ ಜೋಡಿಸುವುದು ಒಂದು ಬಗೆಯಾದರೆ, ಒಂದೇ ದಿಮ್ಮಿಯಿಂದ ಕೊರೆದು ತೆಗೆಯುವುದು ಇನ್ನೊಂದು ಬಗೆ. ಏಕಾಂಡ ವೀಣೆಯೆಂದು ಕರೆಯುವ ಈ ಎರಡನೆಯದಕ್ಕೇ ಹೆಚ್ಚಿನ ಬೆಲೆ, ಹೆಚ್ಚಿನ ಗೌರವ. ನುಡಿಸುವ ನಾಲ್ಕು ತಂತಿಗಳು, ಪಕ್ಕದಲ್ಲಿ ತಾಳಕ್ಕೆಂದು ಮೀಟುವ ಮೂರು ತಂತಿಗಳು, ನುಡಿಸುವ ತಂತಿಗಳಡಿಯಲ್ಲಿ ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿದ ಅರಗಿನಲ್ಲಿ ನಿಲ್ಲಿಸಿದ 24 ಲೋಹದ ಮೆಟ್ಟಿಲುಗಳು ಇರುತ್ತವೆ. 1550ರಲ್ಲಿ ವಿಜಯನಗರದ ಆಶ್ರಯದಲ್ಲಿ ರಾಮಾಮಾತ್ಯನು ರಚಿಸಿದ ‘ಸ್ವರಮೇಳಕಲಾನಿಧಿ’ಯು ಎಲ್ಲ ರಾಗಗಳಿಗೂ ಒಗ್ಗುವಂತೆ ಮೆಟ್ಟಿಲು ಕೂಡಿಸಿದ ವೀಣೆಯನ್ನೂ, ಒಂದೊಂದು ರಾಗಕ್ಕೆ ತಕ್ಕಂತೆ ಮೆಟ್ಟಿಲು ಹೊಂದಿಸಿಕೊಳ್ಳುವ ವೀಣೆಯನ್ನೂ ಬೇರೆ ಬೇರೆಯಾಗಿ ವಿವರಿಸುತ್ತದೆ, ಸ್ಥಿರವಾದ 24 ಮೆಟ್ಟಿಲುಗಳ ಕ್ರಮವನ್ನು ಮುಂದಿನ ಶತಮಾನದ ಆರಂಭದಲ್ಲಿ ತಂಜಾವೂರಿನ ರಘುನಾಥ ನಾಯಕನ ಕಾಲದಲ್ಲಿ ನೆಲೆಗೊಳಿಸಲಾಯಿತು ಎಂಬುದು ಪರಂಪರೆಯ ಮಾತು.

ಈ ಅಂಗಗಳಲ್ಲಿ ಬಹುಪಾಲು ತಲೆಮಾರು ದಾಟಿ ಬಾಳುವಂಥವಲ್ಲ. ಮೇಣ ಸೆಕೆಗೆ ಮೆತ್ತಗಾಗಿ, ವರ್ಷ ಕಳೆದಂತೆ ಒಣಗಿ ಬಿರಿಯುವುದರಿಂದ ಮೆಟ್ಟಿಲುಗಳನ್ನು ಕಿತ್ತು, ಸ್ವರಸ್ಥಾನ ನೋಡಿ ಮತ್ತೆ ಕೂಡಿಸುವ ‘ಮೇಳ ಕಟ್ಟುವ’ ಕೆಲಸ ಆಗಾಗ ಬೀಳುತ್ತದೆ. ವೀಣೆಯಲ್ಲಿ ಗಮಕವೆಂದರೆ ತಂತಿಯನ್ನು ಮೆಟ್ಟಿಲಿನ ಮೇಲೆ ಅಡ್ಡಕ್ಕೆ ಎಳೆಯುವುದೇ ಆದ್ದರಿಂದ ಮೆಟ್ಟಿಲುಗಳೂ ಸವೆದು ಗೀರು ಬೀಳುತ್ತವೆ. ತಂತಿಗಳಂತೂ ಹರಿಯುವುದಕ್ಕಾಗಿಯೇ ಹುಟ್ಟಿದವು. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದೇ ಉಕ್ಕಿನ ತಂತಿ ಎಳೆಯುವ ಉದ್ಯೋಗವನ್ನು ಕಂಡು, ಆ ತಂತಿಗಳಿಗೆ ಒಳ್ಳೆಯ ಹೆಸರಿದ್ದು ಅವು ದೂರದೂರಕ್ಕೆ ಹೋಗುತ್ತಿದ್ದವೆಂದು ದಾಖಲಿಸಿದ್ದಾನೆ. ಇಂದು ಬೊಂಬೆಗಳಿಂದಷ್ಟೇ ಪರಿಚಿತವಾಗಿರುವ ಊರಿನ ಈ ಹಳೆಯ ಕಸುಬು ನೆನಪಿನಿಂದ ಜಾರಿಹೋಗಿರುವುದು ಸಣ್ಣ ನಷ್ಟವೇನಲ್ಲ. ಹೀಗೆ ಮೇಣ, ಮೆಟ್ಟಿಲು, ತಂತಿ ಎಲ್ಲವೂ ಬದಲಾಗುತ್ತಲೇ ಇದ್ದು, ಅಜ್ಜನಿಂದ ಮೊಮ್ಮಗನಿಗೆ ಇಳಿದುಬರುತ್ತಿದ್ದುದು ಮರವೊಂದೇ. ಹತ್ತಾರು ವರ್ಷ ಮೀಟಿಸಿಕೊಂಡು ಪಳಗಿದ ಮರಕ್ಕೆ ಹೊಸ ಮರದಲ್ಲಿಲ್ಲದ ನಾದವಿರುತ್ತದೆಂದು ವೈಣಿಕರು ನಂಬುತ್ತಿದ್ದುದರಿಂದ, ಕೊಡಕ್ಕೆ ಬಿದ್ದ ಒಂದು ಪೆಟ್ಟು, ಒಂದು ಬಿರುಕು, ಅವರ ಪಾಲಿಗೆ ಹಣ ಕೊಟ್ಟು ಸರಿಪಡಿಸಲಾಗದ ಹಾನಿಯಾಗಿತ್ತು. ಸುಮಾರು ನಾಲ್ಕು ಅಡಿ ಉದ್ದದ ವಾದ್ಯದ ಆಚೆಯ ತುದಿಯ ಮೆಟ್ಟಿಲುಗಳನ್ನು ಎಳೆಯ ಕೈ ತಲುಪುವುದೂ ಕಷ್ಟ. ಮಗುವಿಗೆ ಮೊದಲು ಕಂಠದಲ್ಲಿ ಸರಳೆ, ಅಲಂಕಾರಗಳನ್ನು ಹೇಳಿಸಿ, ಆಮೇಲೆ ಅಭ್ಯಾಸಕ್ಕೆಂದಿರುವ ಸಾಧಾರಣ ವೀಣೆಯನ್ನು ಕೊಟ್ಟು, ಸಭೆಯ ವೀಣೆಯನ್ನು ಗವಸಿನಲ್ಲೇ ಇಡುವ ಕ್ರಮಕ್ಕೆ ಈ ದೈಹಿಕ ಕಾರಣಗಳೇ ಸಾಕಾಗಿದ್ದವು.

ಉತ್ತರದ ಬೀನ್, ಅಂದರೆ ರುದ್ರವೀಣೆಯು, ಟೊಳ್ಳು ದಂಡಿಯ ಎರಡು ಕಡೆ ಎರಡು ದೊಡ್ಡ ಸೋರೆ ಬುರುಡೆಗಳನ್ನು ಕಟ್ಟಿ, ಮೇಲಿನ ಬುರುಡೆಯನ್ನು ಎಡ ಹೆಗಲಿಗೆ ಆನಿಸಿಕೊಂಡು ನುಡಿಸುವ ವಾದ್ಯ. ಧ್ರುಪದ ಗಾಯನದ ವಿಳಂಬ ಆಲಾಪಕ್ಕೆ ಇದಕ್ಕಿಂತ ತಕ್ಕ ವಾದ್ಯವಿಲ್ಲವೆಂದು ಬಗೆಯುತ್ತಿದ್ದ ಕಾಲದಲ್ಲಿ ಬೀನ್‌ಕಾರನಿಗೆ ದರ್ಬಾರಿನ ವಾದಕರಲ್ಲಿ ಮೊದಲ ಸ್ಥಾನ ಸಲ್ಲುತ್ತಿತ್ತು. ತಾನ್‌ಸೇನನ ಗಂಡುಮಕ್ಕಳ ಸಂತತಿಯು ರಬಾಬನ್ನೂ, ಮಗಳು ಸರಸ್ವತಿ ಹಾಗೂ ಅಳಿಯ ನೌಬತ್ ಖಾನನ ಸಂತತಿಯು ಬೀನನ್ನೂ ಹಂಚಿಕೊಂಡಿತೆಂದು ಸೇನಿಯಾ ಮನೆತನಗಳು, ಅಂದರೆ ತಾನ್‌ಸೇನನಿಂದ ತಮ್ಮ ಪೀಳಿಗೆಯನ್ನು ಎಣಿಸಿಕೊಳ್ಳುವ ಕುಟುಂಬಗಳು, ಹೇಳಿಕೊಂಡು ಬಂದಿವೆ. ಈ ವಂಶಾವಳಿಯ ಪ್ರತಿ ಕೊಂಡಿಯನ್ನೂ ಇತಿಹಾಸವೆಂದು ಒಪ್ಪುವುದು ಕಷ್ಟವಾದರೂ, ವಾದ್ಯಗಳನ್ನು ಹೊಲಗದ್ದೆಗಳಂತೆ ಪಾಲು ಮಾಡಿಕೊಂಡ ಕಥೆಯನ್ನು ಆ ಮನೆಗಳು ಜತನದಿಂದ ಉಳಿಸಿಕೊಂಡಿದ್ದವೆಂಬುದೇ ಇಲ್ಲಿ ಗಮನಾರ್ಹ. ಮೊಘಲ್ ದೊರೆ ಮುಹಮ್ಮದ್ ಷಾನ (1719–1748) ಆಸ್ಥಾನದ ನಿಯಾಮತ್ ಖಾನ್ ‘ಸದಾರಂಗ’ನು ಅಸಂಖ್ಯ ಖ್ಯಾಲ್‌ಗಳನ್ನು ರಚಿಸಿ ಶಿಷ್ಯರ ಬಾಯಲ್ಲಿ ಹಾಡಿಸಿದರೂ, ಸ್ವಂತ ಮನೆಯವರಿಗೆ ಧ್ರುಪದ ಮತ್ತು ಬೀನನ್ನೇ ಮೀಸಲಿಟ್ಟನೆಂದು ಹೇಳಲಾಗುವ ಮಾತು ಕೂಡ ಅದೇ ಮನೋಧರ್ಮವನ್ನು ತೋರುತ್ತದೆ.

ಹೊರಗಿನ ಶಿಷ್ಯರು ಪ್ರತಿಭಾವಂತರಾದಾಗ ಈ ಕಟ್ಟಳೆಗೆ ಬಿಕ್ಕಟ್ಟು ಒದಗುತ್ತಿತ್ತು. ಬೀನ್‌ಕಾರ ಉಮ್ರಾವ್ ಖಾನನು ತನ್ನ ಶಿಷ್ಯ ಗುಲಾಮ್ ಮುಹಮ್ಮದನಿಗೆ ಬೀನಿನ ಆಲಾಪವನ್ನು ಕಲಿಸಲು ಒಪ್ಪಿದರೂ ಬೀನನ್ನು ಮುಟ್ಟಗೊಡಲಾರದೆ, ಸಿತಾರನ್ನು ಹಿಗ್ಗಿಸಿ, ದಪ್ಪ ತಂತಿ ಹೂಡಿ, ಮಂದ್ರದಲ್ಲಿ ಮೊಳಗುವ ಹೊಸದೊಂದು ವಾದ್ಯವನ್ನು ಅವನಿಗಾಗಿ ರೂಪಿಸಿದನು. 1825ರ ಆಸುಪಾಸಿನಲ್ಲಿ ಹುಟ್ಟಿದ ಆ ವಾದ್ಯವೇ ಸುರ್‌ಬಹಾರ್ ಎಂಬುದು ಹೆಚ್ಚು ಪ್ರಚಲಿತವಾದ ಕಥನ, ಬೇರೆ ಹಕ್ಕುದಾರರೂ ಇಲ್ಲದಿಲ್ಲ. ಗುಲಾಮ್ ಮುಹಮ್ಮದನ ಮಗ ಸಜ್ಜಾದ್ ಮುಹಮ್ಮದನು ಕಲ್ಕತ್ತೆಯಲ್ಲಿ ಶೌರೀಂದ್ರಮೋಹನ ಟಾಗೋರರ ಆಶ್ರಯದಲ್ಲಿ ಇದೇ ವಾದ್ಯದಿಂದ ಹೆಸರಾದನು. ಉಮ್ರಾವ್ ಖಾನನ ಈ ತಡೆಯನ್ನು ಬರಿಯ ಜಿಪುಣತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ದರ್ಬಾರಿನ ಸಂಬಳ, ಇನಾಮುಗಳು ಮನೆತನದ ಹೆಸರಿನ ಮೇಲೆಯೇ ಬರುತ್ತಿದ್ದು, ಮಗನು ನುಡಿಸುವುದನ್ನೇ ಹೊರಗಿನವನೂ ನುಡಿಸಬಲ್ಲನೆಂದಾದರೆ ಮಗನ ಅನ್ನಕ್ಕೇ ಸಂಚಕಾರ ಬರುತ್ತಿದ್ದ ವ್ಯವಸ್ಥೆಯಲ್ಲಿ, ವಿದ್ಯೆಯನ್ನು ಕೊಟ್ಟು ವಾದ್ಯವನ್ನು ಮಾತ್ರ ತಡೆಹಿಡಿದುದು ಗುರುವು ಕಂಡುಕೊಂಡ ನಡುದಾರಿಯಾಗಿತ್ತು.

ಆ ನಡುದಾರಿಯ ಬೆಲೆಯನ್ನು ತೆತ್ತದ್ದು ಬೀನೇ. 1856ರಲ್ಲಿ ಅವಧ್ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಮರುವರ್ಷ ದೆಹಲಿಯ ದರ್ಬಾರೂ ಅಳಿದ ಮೇಲೆ ಬೀನ್‌ಕಾರರು ರಾಮಪುರ, ಜಯಪುರಗಳಂಥ ಸಂಸ್ಥಾನಗಳನ್ನು ಆಶ್ರಯಿಸಿದರು. ರಾಮಪುರದ ವಜೀರ್ ಖಾನರ (1860–1926) ಬಳಿಗೆ ಬಂದ ಅಲ್ಲಾವುದ್ದೀನ್ ಖಾನ್, ಹಾಫಿಜ್ ಅಲಿ ಖಾನ್ ಇಬ್ಬರೂ ಬೀನಿನ ಮನೆಯ ಸಂಗೀತವನ್ನು ಸರೋದಿನ ಮೇಲೆ ಕೊಂಡೊಯ್ದು ಅದನ್ನು ದೇಶಕ್ಕೆಲ್ಲ ಹರಡಿದರು. ಕಚೇರಿಯ ಸಭಾಂಗಣಗಳನ್ನು ಸಿತಾರ್, ಸರೋದ್‌ಗಳು ತುಂಬಿಕೊಂಡಂತೆ ಬೀನ್‌ಕಾರರನ್ನು ಬೆರಳಲ್ಲಿ ಎಣಿಸುವ ಸ್ಥಿತಿ ಬಂದಿತು. ಧ್ರುಪದದ ಹಿನ್ನಡೆ, ವಾದ್ಯದ ಸಣ್ಣ ದನಿ ಮೊದಲಾದ ಬೇರೆ ಕಾರಣಗಳೂ ಇದಕ್ಕಿದ್ದವು, ಆದರೆ ನುಡಿಸುವವರ ಸಂಖ್ಯೆಯೇ ಕಡಿಮೆಯಿದ್ದ ವಾದ್ಯವು ಕಾಲದ ಹೊಡೆತವನ್ನು ತಾಳಿಕೊಳ್ಳುವುದು ಕಷ್ಟವಾಗಿತ್ತು. ಅಲ್ಲಾವುದ್ದೀನ್ ಖಾನರ ಮೈಹರ್ ಮನೆಯಲ್ಲಿ ಈ ಕಥೆಗೆ ಇನ್ನೊಂದು ತಿರುವು ಒದಗಿತು: ಹಿರಿಯ ಮಗಳು ಸಂಗೀತದ ಕಾರಣದಿಂದ ಗಂಡನ ಮನೆಯಲ್ಲಿ ಕಷ್ಟಪಟ್ಟಿದ್ದರಿಂದ ಕಿರಿಯಳಿಗೆ ಕಲಿಸಬಾರದೆಂದಿದ್ದ ತಂದೆಯು, ಅಣ್ಣ ಅಲಿ ಅಕ್ಬರನ ತಪ್ಪನ್ನು ಆಕೆ ಹಾಡಿ ತಿದ್ದುವುದನ್ನು ಕೇಳಿ ಮನಸ್ಸು ಬದಲಿಸಿ, ಮೊದಲು ಸಿತಾರನ್ನೂ ಆಮೇಲೆ ಸುರ್‌ಬಹಾರನ್ನೂ ಅವಳ ಕೈಗಿತ್ತರು. ಹೊರಗಿನವರಿಗೆಂದು ಹುಟ್ಟಿದ ಬದಲಿ ವಾದ್ಯವೇ ಆ ಕಿರಿಯ ಮಗಳು ಅನ್ನಪೂರ್ಣಾದೇವಿಯವರ (1927–2018) ಹೊತ್ತಿಗೆ ತಂದೆ ಮಗಳಿಗೆ ಕಾದಿರಿಸಿ ಕೊಡುವ ನಿಧಿಯಾಗಿತ್ತು.

ಮೈಸೂರಿನಲ್ಲಿಯೂ ಮನೆತನದ ಅಭಿಮಾನ ಕಡಿಮೆಯಿರಲಿಲ್ಲ. ‘ವೀಣೆ’ ಎಂಬುದು ಅಲ್ಲಿ ವಿದ್ವಾಂಸರ ಹೆಸರಿನ ಹಿಂದೆ ಮನೆತನದ ಗುರುತಾಗಿಯೇ ನಿಂತಿತು. ಆದರೆ ಹೊರಗಿನ ಶಿಷ್ಯರಿಗೊಂದು ವಾದ್ಯ, ಮನೆಯವರಿಗೊಂದು ವಾದ್ಯ ಎಂಬ ಭೇದ ಅಲ್ಲಿ ಬೆಳೆಯಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ವೈಣಿಕ ಚಿಕ್ಕರಾಮಪ್ಪನವರ ಮಗ ಶೇಷಣ್ಣನವರು (1852–1926), ಬಾಲ್ಯದಲ್ಲಿಯೇ ಅರಮನೆಯ ಸಭೆಯಲ್ಲಿ ಹಿರಿಯರಿಗೆ ಒಲಿಯದ ಪಲ್ಲವಿಯನ್ನು ಹಾಡಿ ತೋರಿಸಿ ದೊರೆಯ ಮೆಚ್ಚುಗೆ ಪಡೆದರೆಂಬ ಪ್ರತೀತಿಯಿದೆ. ವೀಣೆಯ ಮೇಲಿನ ಹಕ್ಕನ್ನು ಮಗುವು ಕಂಠದಿಂದಲೇ ಸಂಪಾದಿಸಬೇಕಿತ್ತೆಂಬ ಭಾವನೆ ಈ ಕಥೆಯೊಳಗೆ ಅಡಗಿದೆ. ತಂದೆಯನ್ನು ಬೇಗ ಕಳೆದುಕೊಂಡ ಶೇಷಣ್ಣನವರ ಪಾಠವನ್ನು ವೈಣಿಕ ದೊಡ್ಡ ಶೇಷಣ್ಣನವರೂ ಅಕ್ಕ ವೆಂಕಮ್ಮನವರೂ ಮುಂದುವರಿಸಿದರೆಂದು ಹೇಳಲಾಗುತ್ತದೆ. ಗಂಡುಮಗುವಿಗೆ ಮನೆಯ ವಿದ್ಯೆಯನ್ನು ದಾಟಿಸಿದವಳು ಹೆಣ್ಣುಮಗಳು ಎಂಬ ಈ ಸಂಗತಿಗೆ ಜೀವನಚರಿತ್ರೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರಿಂದ ‘ವೈಣಿಕ ಶಿಖಾಮಣಿ’ ಬಿರುದು ಪಡೆದ ಶೇಷಣ್ಣನವರ ಬಾಣಿಯು ಅವರ ಶಿಷ್ಯ ವೆಂಕಟಗಿರಿಯಪ್ಪನವರ (1887–1952) ಮೂಲಕ ಶಿಷ್ಯವರ್ಗಕ್ಕೆ ಇಳಿಯಿತು. ವೈಣಿಕರಾದ ತಂದೆಯಿಂದ ಮೊದಲ ಪಾಠ ಪಡೆದ ವಿ. ದೊರೆಸ್ವಾಮಿ ಅಯ್ಯಂಗಾರರನ್ನು (1920–1997) ಆ ತಂದೆಯೇ ವೆಂಕಟಗಿರಿಯಪ್ಪನವರ ಬಳಿಗೆ ಒಪ್ಪಿಸಿದರು. ಅರಮನೆಯೇ ವಿದ್ವಾಂಸರನ್ನು ಪೊರೆಯುತ್ತಿದ್ದು, ಶಿಷ್ಯನ ಏಳಿಗೆ ಗುರುವಿನ ಕೀರ್ತಿಗೆ ಸೇರುತ್ತಿದ್ದುದರಿಂದ, ವಾದ್ಯವನ್ನು ಬಚ್ಚಿಡಬೇಕಾದ ಒತ್ತಡ ಇಲ್ಲಿ ಅಷ್ಟಾಗಿ ಇರಲಿಲ್ಲವೆಂದು ಊಹಿಸಬಹುದು.

ಹೆಣ್ಣುಮಕ್ಕಳಿಗೆ ಕೊಟ್ಟ ವೀಣೆಯ ಸಂಗತಿ ಬೇರೆ. ಮಗನಿಗೆ ಕೊಟ್ಟ ವೀಣೆ ಮನೆಯಲ್ಲೇ ಉಳಿಯುತ್ತದೆ, ಮಗಳಿಗೆ ಕೊಟ್ಟದ್ದು ಮದುವೆಯೊಂದಿಗೆ ಇನ್ನೊಂದು ಮನೆಗೆ ಹೋಗುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಹೆಣ್ಣಿಗೆ ಕೊಟ್ಟದ್ದನ್ನು ಸ್ತ್ರೀಧನವೆಂದು ಪರಿಗಣಿಸಿ, ಅದು ಅವಳ ನಂತರ ಮೊದಲು ಹೆಣ್ಣುಮಕ್ಕಳಿಗೆ, ಅವರಲ್ಲಿಯೂ ಮದುವೆಯಾಗದವರಿಗೆ ಸೇರಬೇಕೆಂದು ವಿಧಿಸುತ್ತದೆ. ಈ ನಿಯಮವನ್ನು ಅನ್ವಯಿಸಿದರೆ ತವರಿನಿಂದ ಬಂದ ವೀಣೆ ತಾಯಿಯಿಂದ ಮಗಳಿಗೆ ಇಳಿಯಬೇಕಾದ ಸ್ವತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು, ಬೆಂಗಳೂರು, ಮದರಾಸುಗಳ ಮಧ್ಯಮವರ್ಗದ ಮನೆಗಳಲ್ಲಿ ವೀಣೆ ಕಲಿಯುವುದು ವಧುವಿಗೊಂದು ಭೂಷಣವೆನಿಸಿದ ಮೇಲೆ ಎಷ್ಟೋ ವೀಣೆಗಳು ನಿಜಕ್ಕೂ ಹೀಗೆ ಹೊರಟವು. ಗಂಡನ ಮನೆಯಲ್ಲಿ ಅವುಗಳಲ್ಲಿ ಕೆಲವು ಗೋಡೆಗೊರಗಿ ಮೂಕವಾದದ್ದೂ ನಿಜವೇ. ಆದರೂ ವಂಶದ ಗಡಿ ದಾಟಿ ವಾದ್ಯವು ಸಾವಿರಾರು ಮನೆಗಳಿಗೆ ಹಬ್ಬಿದುದರಲ್ಲಿ ಆಸ್ಥಾನದ ವಿದ್ವಾಂಸರಿಗಿಂತ ಈ ಹೆಣ್ಣುಮಕ್ಕಳ ಪಾತ್ರವೇ ದೊಡ್ಡದೆನ್ನಬೇಕು.

ಬೀನಿನ ಮನೆಗಳು ಸಡಿಲವಾದದ್ದು ತಡವಾಗಿ. ಉದಯಪುರದ ಆಸ್ಥಾನ ಗಾಯಕ ಜಿಯಾವುದ್ದೀನ್ ಖಾನರ ಮಗ ಜಿಯಾ ಮೊಹಿಯುದ್ದೀನ್ ಡಾಗರ್ (1929–1990) ಅವರು ಕಲ್ಕತ್ತೆಯ ಕುಶಲಕರ್ಮಿಗಳಿಂದ ದಂಡಿಯನ್ನು ದಪ್ಪಗೊಳಿಸಿ, ಬುರುಡೆಗಳನ್ನು ಹಿಗ್ಗಿಸಿದ ಬೀನನ್ನು ಮಾಡಿಸಿ, ಹೆಗಲಿಗೆ ಹೊರೆಯಾದ ಅದನ್ನು ದಕ್ಷಿಣದ ವೀಣೆಯಂತೆ ತೊಡೆಯ ಮೇಲಿಳಿಸಿ ನುಡಿಸಿದರು, ದೇಶವಿದೇಶಗಳ ಶಿಷ್ಯರಿಗೂ ಕಲಿಸಿದರು. ಆದರೆ ಸ್ವಂತ ಮಗ ಬಹಾವುದ್ದೀನನಿಗೆ ಬೀನು ಒಮ್ಮೆಗೇ ದಕ್ಕಲಿಲ್ಲ. ತಾಯಿಯ ಬಳಿ ಸಿತಾರ್, ಆಮೇಲೆ ಸುರ್‌ಬಹಾರ್, ಅದಾದ ಮೇಲೆಯೇ ಬೀನು ಎಂಬ ಕ್ರಮದಲ್ಲಿ ಕಲಿಕೆ ಸಾಗಿತು. ಸುಮಾರು ಒಂದೂವರೆ ಶತಮಾನದ ಹಿಂದೆ ಹೊರಗಿನವನನ್ನು ತಡೆಯಲು ಹುಟ್ಟಿದ ಸುರ್‌ಬಹಾರ್ ಈಗ ಮನೆಯ ಮಗನಿಗೆ ಮೆಟ್ಟಿಲಾಗಿತ್ತು.

ಹೆಂಗಸರು ಬೀನನ್ನು ನುಡಿಸಬಾರದೆಂಬ ನಂಬಿಕೆ ಇವೆಲ್ಲಕ್ಕಿಂತ ಹಟಮಾರಿಯಾಗಿ ಉಳಿಯಿತು. ಉತ್ತರ ಕನ್ನಡದ ಜ್ಯೋತಿ ಹೆಗಡೆಯವರು ಹುಬ್ಬಳ್ಳಿ-ಧಾರವಾಡದ ಬಿಂದುಮಾಧವ ಪಾಠಕರ ಬಳಿ ರುದ್ರವೀಣೆಯನ್ನು ಕಲಿತು, ಆಕ್ಷೇಪಗಳನ್ನು ಎದುರಿಸಿಯೂ ಬಿಡದೆ, ಮುಂದೆ ಜಯಪುರ ಪರಂಪರೆಯ ಅಸದ್ ಅಲಿ ಖಾನರ (1937–2011) ಶಿಷ್ಯೆಯಾದರು. ಇತ್ತ ಅದೇ ಖಾನರು, ಮದುವೆಯಾಗದೆ ಉಳಿದಿದ್ದುದರಿಂದ, ಮನೆಯ ಬೀನಿಗೆ ಉತ್ತರಾಧಿಕಾರಿಯಾಗಿ ಜಾಕಿ ಹೈದರ್ ಅವರನ್ನು ದತ್ತುಮಗನಾಗಿ ಸ್ವೀಕರಿಸಿ ತಯಾರು ಮಾಡಿದರು.