ಬಳ್ಳವೇ ಕುಗ್ಗಿದಾಗ

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ಹೇಳಿಕೊಡದ ಕನ್ನಡ ಉಪಾಧ್ಯಾಯನಿಲ್ಲ. ಮಿತವ್ಯಯದ ಪಾಠ ಬಂದಾಗಲೆಲ್ಲ ನಾನೂ ಅದನ್ನು ಕರಿಹಲಗೆಯ ಮೇಲೆ ಬರೆದು ಮಕ್ಕಳಿಂದ ಓದಿಸಿದ್ದೇನೆ. ಗಾದೆ ಸುಳ್ಳಲ್ಲ. ಆದರೆ ಅದು ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಅದರೊಳಗೆ ಅಡಗಿದೆ. ಬಳ್ಳದ ಅಳತೆ ಎಂದೂ ಬದಲಾಗುವುದಿಲ್ಲ ಎಂಬುದೇ ಆ ನಂಬಿಕೆ.

ನೆರೆಮನೆಯವನಿಗೆ ನಾವು ದೊಡ್ಡ ಬಳ್ಳದಲ್ಲಿ ನೂರು ಬಳ್ಳ ರಾಗಿಯನ್ನು ಕಡ ಕೊಟ್ಟೆವೆನ್ನಿ. ನಾಲ್ಕು ವರ್ಷ ಕಳೆದ ಮೇಲೆ ಅವನು ಅಂಗೈಯಗಲದ ಬಳ್ಳವೊಂದನ್ನು ತಂದು, ನೂರು ಸಲ ಅಳೆದು ಸುರಿದು, "ಲೆಕ್ಕ ತೀರಿತು" ಎಂದರೆ ನಾವು ಒಪ್ಪುವೆವೆ? ಪಂಚಾಯಿತಿ ಸೇರಿಸುತ್ತೇವೆ. ಆದರೆ ಸಾಲ ಪಡೆದಾತ ಸರ್ಕಾರವೇ ಆಗಿ, ಬಳ್ಳವನ್ನು ಮಾಡುವ ಅಧಿಕಾರವೂ ಅದರ ಕೈಯಲ್ಲೇ ಇದ್ದರೆ? ಹಣವೆಂಬುದು ಅಂಥ ಒಂದು ಬಳ್ಳ. 1914ರಿಂದ 1923ರವರೆಗೆ ಜರ್ಮನಿಯಲ್ಲಿ ಅದು ಹೇಗೆ ಕುಗ್ಗಿತೆಂಬುದನ್ನು ಉಳಿತಾಯ ಮಾಡುವ ಪ್ರತಿಯೊಂದು ಸಂಸಾರವೂ ಒಮ್ಮೆ ತಿಳಿದಿರಬೇಕು.

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಜರ್ಮನಿಯ ಮಾರ್ಕು ಚಿನ್ನದ ಆಧಾರದ ಮೇಲೆ ನಿಂತ ಗಟ್ಟಿ ನಾಣ್ಯವಾಗಿತ್ತು. ಅಮೆರಿಕದ ಒಂದು ಡಾಲರಿಗೆ 4.20 ಮಾರ್ಕು. 1914ರ ಆಗಸ್ಟ್ 4ರಂದು ಹೊಸ ಶಾಸನಗಳು ಬಂದವು. ನೋಟಿಗೆ ಚಿನ್ನ ಕೊಡುವ ಹೊಣೆ ಅಲ್ಲಿಗೆ ನಿಂತಿತು. ಸರ್ಕಾರ ತಾನೇ ಬರೆದುಕೊಟ್ಟ ಹುಂಡಿಗಳನ್ನು ಆಧಾರವಾಗಿಟ್ಟುಕೊಂಡು ರೈಖ್ಸ್‌ಬ್ಯಾಂಕು ನೋಟು ಹೊರಡಿಸಬಹುದಾಯಿತು. ಯುದ್ಧದ ವೆಚ್ಚಕ್ಕೆ ತೆರಿಗೆ ಹೆಚ್ಚಿಸಿದರೆ ಜನ ಬೇಸರಪಟ್ಟಾರು. ಆದ್ದರಿಂದ ಸಾಲವೇ ಮೇಲು ಎಂದು ಬಗೆದರು. ಗೆದ್ದ ಮೇಲೆ ಸೋತವರಿಂದ ವಸೂಲು ಮಾಡಬಹುದಲ್ಲ ಎಂಬುದು ಒಳಲೆಕ್ಕ.

ಹೀಗೆ ನಾಲ್ಕು ವರ್ಷಗಳಲ್ಲಿ ಒಂಬತ್ತು ಸಲ ಯುದ್ಧಸಾಲ ಎತ್ತಿದರು. ಕೂಡಿದ ಮೊತ್ತ ಸುಮಾರು 9,800 ಕೋಟಿ ಮಾರ್ಕು. ಇದನ್ನು ಕೊಟ್ಟವರಲ್ಲಿ ಧನಿಕರಷ್ಟೇ ಅಲ್ಲ, ಗುಮಾಸ್ತರು, ವಿಧವೆಯರು, ಪಿಂಚಣಿದಾರರು, ನನ್ನಂಥ ಉಪಾಧ್ಯಾಯರೂ ಇದ್ದರು. ಶಾಲೆಯ ಮಕ್ಕಳಿಂದಲೂ ಸಂಗ್ರಹ ನಡೆಯಿತು. ಹೆಂಗಸರು ಚಿನ್ನದ ಒಡವೆಗಳನ್ನು ದೇಶಕ್ಕೊಪ್ಪಿಸಿ, ಅದರ ಗುರುತಾಗಿ ಕಬ್ಬಿಣದ ಒಡವೆ ತೊಟ್ಟರು. ಮಕ್ಕಳಿಗೆ ಹನಿ ಕೂಡಿಸಲು ಹೇಳಿದ ಆ ಉಪಾಧ್ಯಾಯರನ್ನು ನೆನೆದಾಗ ನನಗೆ ಕಸಿವಿಸಿಯಾಗುತ್ತದೆ. ಅವರು ಕಲಿಸಿದ್ದು ನಾನು ಕಲಿಸುವ ಪಾಠವನ್ನೇ.

1918ರಲ್ಲಿ ಜರ್ಮನಿ ಸೋತಿತು. ವಸೂಲು ಮಾಡಬೇಕೆಂದಿದ್ದವರೇ ತೆರಬೇಕಾಯಿತು. 1921ರ ಮೇ ತಿಂಗಳಲ್ಲಿ ಮಿತ್ರರಾಷ್ಟ್ರಗಳು ವಿಧಿಸಿದ ಪರಿಹಾರದ ಮೊತ್ತ 13,200 ಕೋಟಿ ಚಿನ್ನದ ಮಾರ್ಕು. ಇತ್ತ ಒಳಗಿನ ಸಾಲದ ಬಡ್ಡಿ, ಗಾಯಾಳುಗಳ ಪಿಂಚಣಿ, ನೌಕರರ ಸಂಬಳ. ಬರುವ ತೆರಿಗೆ ಯಾವುದಕ್ಕೂ ಸಾಲದು. ಕೊರತೆ ಬಿದ್ದಷ್ಟಕ್ಕೂ ಹುಂಡಿ ಬರೆಯುವುದು, ಬ್ಯಾಂಕಿನಿಂದ ನೋಟು ಪಡೆಯುವುದು, ಇದೇ ದಾರಿಯಾಯಿತು. 1923ರ ಜನವರಿ 11ರಂದು ಫ್ರೆಂಚ್ ಮತ್ತು ಬೆಲ್ಜಿಯನ್ ಸೇನೆಗಳು ಕಲ್ಲಿದ್ದಲಿನ ರೂರ್ ಸೀಮೆಯನ್ನು ಆಕ್ರಮಿಸಿದವು. ಅಲ್ಲಿನ ಕೆಲಸಗಾರರು ಅಸಹಕಾರ ಹೂಡಿದರು. ದುಡಿಮೆ ನಿಂತರೂ ಕೂಲಿಯನ್ನು ಸರ್ಕಾರವೇ ಕೊಡಬೇಕಾಯಿತು. ಬಂದ ಹಣವೆಲ್ಲ ಅಚ್ಚುಯಂತ್ರದಿಂದ.

1922ರ ಮೊದಲಲ್ಲಿ ಡಾಲರಿಗೆ ಸುಮಾರು 190 ಮಾರ್ಕು ಇತ್ತು. ವರ್ಷ ತುಂಬಿ 1923ರ ಜನವರಿ ಬರುವಷ್ಟರಲ್ಲಿ 18,000ದ ಹತ್ತಿರ; ಆಗಸ್ಟಿನಲ್ಲಿ 46 ಲಕ್ಷ; ನವೆಂಬರ್ 20ರಂದು 4 ಲಕ್ಷ 20 ಸಾವಿರ ಕೋಟಿ! 1922ರ ಕೊನೆಗೆ ಬರ್ಲಿನ್ನಿನಲ್ಲಿ ಸುಮಾರು 160 ಮಾರ್ಕಿಗೆ ಸಿಗುತ್ತಿದ್ದ ರೊಟ್ಟಿಗೆ ಮರುವರ್ಷದ ಕೊನೆಗೆ 20,000 ಕೋಟಿ ತೆರಬೇಕಾಯಿತು. ಕೂಲಿಯನ್ನು ದಿನದಿನವೂ, ಕೆಲವೆಡೆ ದಿನಕ್ಕೆರಡು ಸಲವೂ ಹಂಚುತ್ತಿದ್ದರು. ಹಣ ಕೈಗೆ ಬಂದೊಡನೆ ಅಂಗಡಿಗೆ ಓಡಬೇಕು. ಸಂಜೆಗೆ ಧಾರಣೆ ಬೇರೆ.

ಹಾಗಾದರೆ ಆ 9,800 ಕೋಟಿಯ ಸಾಲಪತ್ರಗಳ ಗತಿಯೇನು? ನವೆಂಬರ್ 15ರಂದು ರೆಂಟನ್‌ಮಾರ್ಕ್ ಎಂಬ ಹೊಸ ನಾಣ್ಯ ಬಂದಿತು. ಹಳೆಯ ಮಾರ್ಕು ಒಂದು ಲಕ್ಷ ಕೋಟಿ ಕೊಟ್ಟರೆ ಹೊಸದು ಒಂದು. ಲೆಕ್ಕ ಹಾಕಿ ನೋಡಿ: ದೇಶವೆಲ್ಲ ಕೂಡಿ ಕೊಟ್ಟ ಆ ಸಾಲದ ಒಟ್ಟು ಬೆಲೆ ಹೊಸ ನಾಣ್ಯದಲ್ಲಿ ಹತ್ತು ಫೆನ್ನಿಗ್ಗಿಗೂ ಕಡಿಮೆ. ಮಾರ್ಕಿನ ನೂರನೆಯ ಒಂದು ಪಾಲು ಫೆನ್ನಿಗ್. ಯುದ್ಧಕ್ಕೆ ಮುಂಚೆ ಆ ದೇಶದಲ್ಲಿ ಊರಿಂದೂರಿಗೆ ಒಂದು ಕಾಗದ ಹಾಕಲು ಹತ್ತು ಫೆನ್ನಿಗ್ ಬೇಕಾಗಿತ್ತು. ಒಂದು ರಾಷ್ಟ್ರದ ಯುದ್ಧಸಾಲವೆಲ್ಲ ಒಂದು ಅಂಚೆಚೀಟಿಗೆ ಸಾಲದೆ ಹೋಯಿತು. ಸರ್ಕಾರ ಸಾಲವನ್ನು ನಿರಾಕರಿಸಲಿಲ್ಲ. ಚಿಕ್ಕ ಬಳ್ಳದಲ್ಲಿ ಅಳೆದು ತೀರಿಸಿತು.

ಉಳಿತಾಯವನ್ನು ಬೇರೆ ಕಡೆ ಇಟ್ಟಿದ್ದವರ ಪಾಡೂ ತಿಳಿಯತಕ್ಕದ್ದು. ಬ್ಯಾಂಕಿನ ಠೇವಣಿ, ಜೀವವಿಮೆ ಕರಗಿಹೋದವು. ಮನೆ ಅಡವಿಟ್ಟುಕೊಂಡು ಸಾಲ ಕೊಟ್ಟಿದ್ದವರಿಗೆ ಸಾಲಗಾರರು ಹಾಳುನೋಟು ತಂದು ಎಣಿಸಿದರು. ಮಾರ್ಕಿಗೆ ಮಾರ್ಕು ಸರಿ ಎಂಬುದೇ ಆಗಿನ ನ್ಯಾಯ. 1923ರ ನವೆಂಬರ್ 28ರಂದು ಉಚ್ಚ ನ್ಯಾಯಾಲಯ ಇದು ಸಲ್ಲದೆಂದಿತು; 1925ರ ಶಾಸನದಂತೆ ಅಡಮಾನದ ಸಾಲಕ್ಕೆ ನೂರಕ್ಕೆ 25ರ ಬೆಲೆ ದೊರೆಯಿತು. ಸರ್ಕಾರದ ಸಾಲಪತ್ರಗಳಿಗೆ ದೊರೆತದ್ದು ಇನ್ನೂ ಅಲ್ಪ. ಸ್ವಂತ ಮನೆಯವರಿಗೆ ಗೋಡೆ ಉಳಿಯಿತು. ಆದರೆ ಬಾಡಿಗೆಯನ್ನು ಕಾನೂನು ಕಟ್ಟಿಹಾಕಿದ್ದರಿಂದ ಬಾಡಿಗೆ ನಂಬಿದವರು ಹಸಿದರು. 1924ರಿಂದ ಮನೆಗಳ ಮೇಲೆ ಹೊಸ ತೆರಿಗೆಯೂ ಬಿತ್ತು. ಕಾರ್ಖಾನೆಗಳ ಷೇರು ಕೊಂಡವರಿಗೆ ಸ್ವಲ್ಪ ಉಳಿಯಿತು. ನಡುವೆ ಹೊಟ್ಟೆಪಾಡಿಗಾಗಿ ಮಾರಿದವರಿಗೆ ಅದೂ ಇಲ್ಲ. ಸಾಲ ಮಾಡಿ ಕಾರ್ಖಾನೆಗಳನ್ನು ಕೊಳ್ಳುತ್ತ ಹೋದ ಹ್ಯೂಗೋ ಸ್ಟಿನ್ನೆಸ್ ಮಹಾಶ್ರೀಮಂತನಾದ. ಅವನು 1924ರಲ್ಲಿ ತೀರಿಕೊಂಡ. ನಾಣ್ಯ ಗಟ್ಟಿಯಾಗಿತ್ತು, ಸಾಲ ನಿಜವಾದ ಸಾಲವಾಗಿತ್ತು. 1925ರಲ್ಲಿ ಆ ಸಾಮ್ರಾಜ್ಯ ಕುಸಿಯಿತು.

ಎಲ್ಲ ಕಾಲಕ್ಕೂ ಭದ್ರವಾದ ಪೆಟ್ಟಿಗೆ ಯಾವುದೂ ಇರಲಿಲ್ಲವೆಂದು ಇದರಿಂದ ಕಾಣುತ್ತದೆ. ಎಲ್ಲವನ್ನೂ ಒಂದೇ ಕಡೆ ಇಟ್ಟವನು ಕೆಟ್ಟ. ಹಲವು ಕಡೆ ಹಂಚಿಟ್ಟು, ಅವಸರಕ್ಕೆ ಮಾರಬೇಕಾಗದೆ ಕಾದವನು ಅಷ್ಟಿಷ್ಟು ಉಳಿಸಿಕೊಂಡ.

ಹೊಸ ನಾಣ್ಯ ನಿಂತದ್ದೇಕೆ? ಭೂಮಿ ಮತ್ತು ಉದ್ಯಮಗಳ ಮೇಲಿನ ಅಡಮಾನ ಅದಕ್ಕೆ ಆಧಾರವೆಂದು ಸಾರಿದರು. ಆದರೆ ನೋಟು ಹಿಡಿದು ಹೋದವನಿಗೆ ಯಾರೂ ಹೊಲ ಅಳೆದು ಕೊಡುವಂತಿರಲಿಲ್ಲ. ನಿಜವಾದ ಆಧಾರ ಬೇರೆ: ನೋಟಿಗೆ ಮಿತಿ ಬಿತ್ತು, ಸರ್ಕಾರದ ಹುಂಡಿಗಳಿಗೆ ರೈಖ್ಸ್‌ಬ್ಯಾಂಕು ಬಾಗಿಲು ಮುಚ್ಚಿತು, ಲಕ್ಷಗಟ್ಟಲೆ ನೌಕರರನ್ನು ಬಿಡಿಸಿ ವೆಚ್ಚ ತಗ್ಗಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚಿದ ದಿನ ನಾಣ್ಯ ನಿಂತಿತು.

ಜರ್ಮನಿಯಲ್ಲಿ ಆದದ್ದು ಎಲ್ಲೆಲ್ಲೂ ಆಗುತ್ತದೆಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಸರ್ಕಾರದ ಸಾಲವೆಲ್ಲ ಕೇಡೂ ಅಲ್ಲ. ಅಣೆಕಟ್ಟೆಗೆ ತಂದ ಸಾಲವನ್ನು ಬೆಳೆ ತೀರಿಸೀತು. ಸುಟ್ಟ ಮದ್ದುಗುಂಡಿನ ಸಾಲವನ್ನು ಯಾವ ಬೆಳೆ ತೀರಿಸುತ್ತದೆ? 2020ರ ಮಹಾಮಾರಿಯ ತರುವಾಯ ಅನೇಕ ದೇಶಗಳ ಸಾಲ ಬೆಳೆದು, 2022ರಲ್ಲಿ ಧಾರಣೆಗಳು ಏರಿದ್ದನ್ನು ನಾವೇ ಕಂಡಿದ್ದೇವೆ. ಬಳ್ಳ ಸಾಮಾನ್ಯವಾಗಿ ಒಂದೇ ದಿನ ಕುಗ್ಗುವುದಿಲ್ಲ, ವರ್ಷವರ್ಷವೂ ಕೂದಲೆಳೆಯಷ್ಟು ಸವೆಯುತ್ತದೆ. ನೂರಕ್ಕೆ ಆರು ಬಡ್ಡಿ ಬಂದು ಧಾರಣೆ ಎಂಟು ಏರಿದರೆ, ಪಾಸ್ ಪುಸ್ತಕದಲ್ಲಿ ಅಂಕೆ ಬೆಳೆದಿರುತ್ತದೆ, ಅಡಿಗೆಮನೆಯಲ್ಲಿ ಡಬ್ಬಿ ಇಳಿದಿರುತ್ತದೆ.

ಅದಕ್ಕಾಗಿ ಉಳಿಸುವುದನ್ನು ಬಿಡಬೇಕೆ? ಕೂಡದು. ನಾಳೆಯೂ ನಾನು ಅದೇ ಗಾದೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ: ತೆನೆ ಕೂಡಿಸುವವನು ಆಗಾಗ ಬಳ್ಳವನ್ನೂ ಅಳೆದು ನೋಡಬೇಕು.