ನಾಗಾವಿಯ ಘಟಿಕಾಸ್ಥಾನ: ಶಾಲೆ, ಗ್ರಂಥಭಂಡಾರ ಮತ್ತು ಊರು

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಹತ್ತಿರವಿರುವ ನಾಗಾವಿ ಇಂದು ಎಲ್ಲಮ್ಮನ ಕ್ಷೇತ್ರವೆಂದೇ ಜನರಿಗೆ ಪರಿಚಿತ. ಕ್ರಿ.ಶ. 1058ರ ಅಲ್ಲಿನ ಶಾಸನವು ಬೇರೊಂದು ನಾಗಾವಿಯನ್ನು ಕಾಣಿಸುತ್ತದೆ. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಇಲ್ಲಿ ಘಟಿಕಾಸ್ಥಾನವನ್ನು ಸ್ಥಾಪಿಸಿದನು. ವೇದಾಧ್ಯಯನಕ್ಕೆ 200, ಶಾಸ್ತ್ರಾಧ್ಯಯನಕ್ಕೆ 52 ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಗಳಿಗೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ‘ಸರಸ್ವತೀ ಭಂಡಾರಿಗ’ರು, ಅಂದರೆ ಗ್ರಂಥಪಾಲಕರು. ಇವರ ಜೀವನಕ್ಕೂ ಭೂಮಿಯನ್ನು ಬಿಡಲಾಗಿತ್ತು. ಆರು ಉಪಾಧ್ಯಾಯರಿಗೆ ಆರು ಗ್ರಂಥಪಾಲಕರೆಂಬ ಈ ಲೆಕ್ಕವೇ ಅಲ್ಲಿದ್ದ ಓಲೆಗರಿಯ ಸಂಗ್ರಹದ ಹಿರಿಮೆಯನ್ನು ಸೂಚಿಸುತ್ತದೆ.

ಈ ವಿದ್ಯೆಗೆ ನೆಲದ ಪರಂಪರೆಯಿತ್ತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಇಲ್ಲಿಂದ ದೂರವಿಲ್ಲ. ‘ಕವಿರಾಜಮಾರ್ಗ’ ರೂಪುಗೊಂಡದ್ದು, ಶಾಕಟಾಯನನು ತನ್ನ ವ್ಯಾಕರಣವೃತ್ತಿಗೆ ಅಮೋಘವರ್ಷನ ಹೆಸರಿಟ್ಟದ್ದು, ಮುಂದೆ ಪುಷ್ಪದಂತನು ಅಪಭ್ರಂಶ ಮಹಾಪುರಾಣವನ್ನು ರಚಿಸಿದ್ದು ಆ ರಾಜಾಶ್ರಯದಲ್ಲಿ. ಆದರೆ ನಾಗಾವಿಯ ಪಾಠಕ್ರಮ ವೈದಿಕ. ಜೈನವಿದ್ಯೆ ಬಸದಿಗಳ ಆಶ್ರಯದಲ್ಲಿ ಬೆಳೆಯಿತು. ಎಲ್ಲರಿಗೂ ತೆರೆದ ವಿಶ್ವವಿದ್ಯಾಲಯವೆಂದು ಇದನ್ನು ಹೊಗಳುವುದು ಶಾಸನಕ್ಕೆ ನಿಷ್ಠವಾದ ಮಾತಾಗದು.

ಸ್ಪೇನಿನ ಸಲಮಾಂಕಾದೊಡನೆ ಹೋಲಿಸಿದರೆ ಮತ್ತೊಂದು ಅಂಶ ಸ್ಪಷ್ಟವಾಗುತ್ತದೆ. ಲಿಯೋನಿನ ಒಂಬತ್ತನೆಯ ಅಲ್ಫೊನ್ಸೊ 1218ರಲ್ಲಿ ಅಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದನು. ಹತ್ತನೆಯ ಅಲ್ಫೊನ್ಸೊ 1254ರ ಸನ್ನದಿನ ಮೂಲಕ ಅಧ್ಯಾಪಕ ಪೀಠಗಳಿಗೂ ಗ್ರಂಥಗಳ ಮೇಲ್ವಿಚಾರಕನಿಗೂ ವೇತನ ಗೊತ್ತುಮಾಡಿದನು. ನಾಗಾವಿಯ ಭಂಡಾರಿಗರು ಇದಕ್ಕಿಂತ 196 ವರ್ಷ ಹಿಂದಿನವರು. ಆದರೂ ಸಲಮಾಂಕಾ ಉಳಿಯಿತು. ಗುರುಶಿಷ್ಯರು ಅಲ್ಲಿ ಹಕ್ಕುಬಾಧ್ಯತೆಗಳುಳ್ಳ ಒಂದು ಸಂಘವಾಗಿದ್ದರು. 1255ರಲ್ಲಿ ಪೋಪ್ ನಾಲ್ಕನೆಯ ಅಲೆಕ್ಸಾಂಡರನ ಮನ್ನಣೆಯೂ ದೊರೆಯಿತು. ಟಾರ್ಮೆಸ್ ನದಿಯ ದಡದ ಹೊಂಬಣ್ಣದ ಕಲ್ಲಿನ ಆ ನಗರವು ವಿದ್ಯಾರ್ಥಿಗಳಿಗೆ ವಸತಿ, ಊಟ, ಪುಸ್ತಕ ಒದಗಿಸಿ ತಾನೂ ಬದುಕಿತು. ಘಟಿಕಾಸ್ಥಾನಕ್ಕಿದ್ದ ಆಧಾರ ದತ್ತಿಯ ಭೂಮಿ. ದತ್ತಿಯನ್ನು ‘ಆಚಂದ್ರಾರ್ಕ’ ನಡೆಸಬೇಕೆಂದು ಶಾಸನಗಳು ವಿಧಿಸುತ್ತವೆ. ನಡೆಸಬೇಕಾದ ಪ್ರಭುತ್ವವೇ ಅಳಿದಾಗ ಆ ವಿಧಿಯನ್ನು ಕಾಯುವವರಿರುವುದಿಲ್ಲ.

ಇಂದು ನಾಗಾವಿಯಲ್ಲಿ ‘ಅರವತ್ತು ಕಂಬದ ಗುಡಿ’ ನಿಂತಿದೆ. ಭಂಡಾರಿಗರು ಕಾಯ್ದ ಓಲೆಗರಿಗಳಲ್ಲಿ ಒಂದನ್ನೂ ಅಲ್ಲಿ ತೋರಿಸುವಂತಿಲ್ಲ. ಅವರಿದ್ದರೆಂಬುದನ್ನು ಕಲ್ಲು ಹೇಳುತ್ತದೆ. ಅವರು ಕಾಯ್ದದ್ದೇನೆಂಬುದನ್ನು ಹೇಳುವುದಿಲ್ಲ. ಕನ್ನಡನಾಡಿನ ವಿದ್ಯಾಚರಿತ್ರೆಯನ್ನು ಬರೆಯುವವರು ಈ ನಷ್ಟದ ಅಳತೆಯಿಂದಲೇ ತೊಡಗಬೇಕು.